ಕರೆಂಟ್ ಮುಗಿದ ಮೇಲಿನ ಕೆಮ್ಮು: ಹನ್ನೆರಡು ಸೂತ್ರಗಳು

ನಮ್ಮ ಅತ್ತಿಗೆಯ ಅಡುಗೆಮನೆ ಕ್ಯಾಲೆಂಡರ್ ಎಂದರೆ ಇಡೀ ಮನೆಯ ಕಡತ. ಹಾಲು ಬಾರದ ದಿನ, ಸಿಲಿಂಡರ್ ಬಂದ ದಿನ, ಏಕಾದಶಿ, ಚೀಟಿಯ ಕಂತು ಎಲ್ಲವೂ ಅದರಲ್ಲೇ. ಎಡ ಸ್ತನದ ಗಡ್ಡೆಗೆ ಆಪರೇಷನ್ ಆಗಿ, ಕಿಮೊ ಮುಗಿದು, ರೇಡಿಯೇಶನ್ ಶುರುವಾದಾಗ ಅದೇ ಚೌಕಗಳಲ್ಲಿ ದಿನಕ್ಕೊಂದು ‘ಕ’ ಬರೆಯತೊಡಗಿದರು. ಕ ಅಂದರೆ ಕರೆಂಟು. ನಮ್ಮ ಕಡೆ ರೇಡಿಯೇಶನ್ನಿಗೆ ಜನ ಹೇಳುವುದೇ ಹಾಗೆ. ‘ಕರೆಂಟ್ ಕೊಡಿಸ್ತಿದೀವಿ’ ಅಂದರೆ ಸಾಕು, ಎದುರುಮನೆಯವರಿಗೂ ಅರ್ಥವಾಗುತ್ತದೆ. ಒಟ್ಟು ಹದಿನೈದು ‘ಕ’. ಕೊನೆಯದು ನೀರು ತುಂಬುವ ಹಬ್ಬಕ್ಕೆ ಎರಡು ದಿನ ಮುಂಚೆ. ಆ ದೀಪಾವಳಿಗೆ ಮನೆಯಲ್ಲಿ ಒಬ್ಬಟ್ಟು ಮಾಡಿದ್ದು ಲಕ್ಷ್ಮಿಗಲ್ಲ, ಕರೆಂಟ್ ಮುಗಿದದ್ದಕ್ಕೆ.

ಸಂಕ್ರಾಂತಿಯ ದಿನ ಎಳ್ಳು ಬೀರಲು ಹೊರಟವರು ಎರಡನೇ ಮನೆಯ ಮೆಟ್ಟಿಲಿನಲ್ಲೇ ಕುಳಿತುಬಿಟ್ಟರು. ಅದಕ್ಕೂ ಎರಡು ವಾರದಿಂದ ಒಣಕೆಮ್ಮು ಇತ್ತು. ಚಳಿಗಾಲದ್ದು ಅಂದುಕೊಂಡೆವು. ಮೆಣಸಿನ ಕಷಾಯ ಆಯಿತು, ಸಿರಪ್ ಆಯಿತು, ಬೀದಿಯ ಕ್ಲಿನಿಕ್ಕಿನಲ್ಲಿ ಎರಡು ಸುತ್ತು ಆಂಟಿಬಯೋಟಿಕ್ ಕೂಡ ಆಯಿತು. ಕೊನೆಗೆ ತೋರಿಸಿದ ಹಿರಿಯ ವೈದ್ಯರು ಸ್ಟೆತಾಸ್ಕೋಪು ಇಡುವ ಮೊದಲೇ ಒಂದು ಪ್ರಶ್ನೆ ಕೇಳಿದರು: ‘ಕರೆಂಟ್ ಯಾವತ್ತು ಮುಗೀತಮ್ಮಾ?’ ಅತ್ತಿಗೆ, ಅಣ್ಣ, ನಾನು ಮೂವರೂ ಮುಖ ಮುಖ ನೋಡಿಕೊಂಡೆವು. ಮನೆಗೆ ಫೋನ್ ಹೋಯಿತು. ಹೊಸ ವರ್ಷ ಬಂದಿದ್ದರಿಂದ ಹಳೇ ಕ್ಯಾಲೆಂಡರ್ ಬೇಳೆ ಡಬ್ಬಿಗಳ ಅಡಿಯಲ್ಲಿ ಹಾಸಾಗಿತ್ತು. ಮನೆಯಲ್ಲಿದ್ದ ಹುಡುಗ ಡಬ್ಬಿ ಸರಿಸಿ, ಎಣ್ಣೆಯ ವೃತ್ತದೊಳಗೆ ಕೊನೆಯ ‘ಕ’ ಹುಡುಕಿ ತಾರೀಖು ಹೇಳಿದ. ಡಾಕ್ಟರು ಬೆರಳು ಮಡಚಿ ಎಣಿಸಿದರು. ಹನ್ನೆರಡನೇ ವಾರ.

ರೇಡಿಯೇಶನ್ ನ್ಯುಮೊನೈಟಿಸ್ ಎಂಬ ಹೆಸರು ನಮ್ಮ ಕಿವಿಗೆ ಬಿದ್ದದ್ದು ಆವತ್ತೇ. ಎದೆಯ ಭಾಗಕ್ಕೆ ವಿಕಿರಣ ಕೊಟ್ಟಾಗ ಅದರ ದಾರಿಗೆ ಸಿಕ್ಕ ಶ್ವಾಸಕೋಶ ವಾರಗಳ ನಂತರ ಉರಿಯೂತಕ್ಕೆ ಒಳಗಾಗುವ ಸ್ಥಿತಿ ಅದು. ಅಂದಿನಿಂದ ಇಂದಿನವರೆಗೆ ಓದಿದ್ದು, ಕೇಳಿದ್ದು, ಪೆಟ್ಟು ತಿಂದು ಕಲಿತದ್ದು ಈ ಪಟ್ಟಿ. ಯಶಸ್ಸಿನ ಸೂತ್ರ ಎಂದರೆ ಪುಸ್ತಕದಂಗಡಿಯಲ್ಲಿ ಕೋಟು ತೊಟ್ಟವರ ಫೋಟೋ ಇರುತ್ತದೆ. ಇಲ್ಲಿ ಯಶಸ್ಸು ಅಂದರೆ ಎರಡನೇ ಮಹಡಿ, ನಡುವೆ ಕೂರದೆ.

1. ಕೊನೆಯ ದಿನವನ್ನು ಬರೆದಿಡಿ, ಕಾಣುವ ಜಾಗದಲ್ಲಿ.

ಮೊದಲ ದಿನವಲ್ಲ, ಕೊನೆಯ ದಿನ. ಈ ಕಾಯಿಲೆಯ ಗಡಿಯಾರ ಓಡುವುದು ಅಲ್ಲಿಂದ. ನ್ಯುಮೊನೈಟಿಸ್ ಸಾಮಾನ್ಯವಾಗಿ ತಲೆ ಎತ್ತುವುದು ಒಂದರಿಂದ ಮೂರು ತಿಂಗಳ ನಡುವೆ. ಆರು ತಿಂಗಳವರೆಗೂ ಬರಬಹುದು. ಆಮೇಲಿನದು ಫೈಬ್ರೋಸಿಸ್, ಅಂದರೆ ಉರಿದ ಜಾಗ ಗಾಯದ ಕಲೆಯಂತೆ ಗಟ್ಟಿಯಾಗುವುದು. ಅದು ಆರು ತಿಂಗಳ ನಂತರ ನಿಧಾನವಾಗಿ ಬೆಳೆದು ಎರಡು ವರ್ಷದ ಹೊತ್ತಿಗೆ ಬಹುಮಟ್ಟಿಗೆ ಒಂದು ಹದಕ್ಕೆ ಬಂದು ನಿಲ್ಲುತ್ತದೆ. ತಾರೀಖು, ಒಟ್ಟು ಎಷ್ಟು ಗ್ರೇ ವಿಕಿರಣ, ಎಷ್ಟು ಸಿಟ್ಟಿಂಗ್, ಎದೆಯ ಯಾವ ಭಾಗ: ಈ ನಾಲ್ಕನ್ನು ಒಂದು ಚೀಟಿಯಲ್ಲಿ ಬರೆದು ಆಧಾರ್ ಕಾರ್ಡಿನ ಹಿಂದೆ ಇಡಿ. ಫೋನಿನಲ್ಲೂ ಒಂದು ಫೋಟೋ ಇರಲಿ.

ಇದು ಅತಿಯಾಯಿತು ಅನ್ನಿಸಿದರೆ ನಮ್ಮ ರಾಜ್ಯದ ಚಿತ್ರ ನೋಡಿ. 1973ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ಇವತ್ತಿಗೂ ರಾಯಚೂರು, ಬೀದರ್, ಚಾಮರಾಜನಗರದಿಂದ ಜನ ಬಂದು, ವಾರಗಟ್ಟಲೆ ಧರ್ಮಶಾಲೆಯಲ್ಲೋ ನೆಂಟರ ಮನೆಯಲ್ಲೋ ಇದ್ದು ಕರೆಂಟ್ ಮುಗಿಸಿಕೊಂಡು ಊರಿಗೆ ಹೋಗುತ್ತಾರೆ. ಕೆಮ್ಮು ಬರುವುದು ಊರಿನಲ್ಲಿ. ನೋಡುವವರು ತಾಲ್ಲೂಕಿನ ವೈದ್ಯರು. ಎದೆಗೆ ವಿಕಿರಣ ಹೋದದ್ದನ್ನು ನೀವು ಹೇಳದೆ ಹೋದರೆ ಅವರಿಗೆ ತಿಳಿಯಲು ಬೇರೆ ದಾರಿಯೇ ಇಲ್ಲ.

2. ಶುರುವಾಗುವ ಮುಂಚೆಯೇ ನಿಮ್ಮ ಶ್ವಾಸಕೋಶದ ಜಾತಕ ಬಿಚ್ಚಿ.

ಕ್ಯಾನ್ಸರ್ ವೈದ್ಯರ ಮುಂದೆ ನಾವು ಗಡ್ಡೆಯ ಬಗ್ಗೆಯೇ ಮಾತಾಡುತ್ತೇವೆ. ಇಪ್ಪತ್ತು ವರ್ಷದ ಹಿಂದೆ ಟಿ.ಬಿ. ಮಾತ್ರೆ ನುಂಗಿದ್ದು ನೆನಪಿಗೇ ಬರುವುದಿಲ್ಲ. ಬಂದರೂ ಹೇಳಲು ನಾಚಿಕೆ. ಹೇಳಲೇಬೇಕು. ಹಳೇ ಟಿ.ಬಿ., ಆಸ್ತಮಾ, ಬೀಡಿಯಿಂದ ಬಂದ ಸಿ.ಒ.ಪಿ.ಡಿ., ಸಂಧಿವಾತ, ಅದಕ್ಕೆ ನುಂಗುವ ಮೆಥೊಟ್ರೆಕ್ಸೇಟ್, ವರ್ಷಗಟ್ಟಲೆ ಊದಿದ ಸೌದೆ ಒಲೆ, ಬಾಲ್ಕನಿಯಲ್ಲಿ ಸಾಕಿದ ಪಾರಿವಾಳ. ನಗಬೇಡಿ, ಪಾರಿವಾಳದ ಹಿಕ್ಕೆ ಮತ್ತು ಗರಿಯ ಧೂಳಿಗೆ ಶ್ವಾಸಕೋಶವೇ ಸಿಡಿಮಿಡಿಗೊಳ್ಳುವ ಒಂದು ಕಾಯಿಲೆ ನಿಜವಾಗಿಯೂ ಇದೆ. ಕೋಲಾರದ ಚಿನ್ನದ ಗಣಿ 2001ರಲ್ಲಿ ಮುಚ್ಚಿತು. ಅದರೊಳಗೆ ದುಡಿದವರ ಎದೆಯಲ್ಲಿ ಕೂತ ಕಲ್ಲುಧೂಳು ಮಾತ್ರ ಗಣಿಯ ಜೊತೆ ಮುಚ್ಚಿಕೊಂಡು ಹೋಗಲಿಲ್ಲ. ಕ್ವಾರಿ, ಗ್ರಾನೈಟ್ ಕೆಲಸ ಮಾಡಿದವರೂ ಹೇಳಬೇಕಾದ ಮಾತಿದು.

ಇವುಗಳಲ್ಲಿ ವೈದ್ಯರು ಅತಿ ಹೆಚ್ಚು ಹೆದರುವುದು ಐ.ಎಲ್.ಡಿ. ಎಂಬ ಗುಂಪಿಗೆ. ಶ್ವಾಸಕೋಶದ ಜಾಲರಿಯೇ ಮೊದಲಿನಿಂದ ಗಟ್ಟಿಯಾಗುತ್ತಾ ಬಂದಿರುವವರು ಈ ಗುಂಪಿನವರು. ಇಂಥವರಿಗೆ ವಿಕಿರಣದ ಏಟು ಪ್ರಾಣಕ್ಕೇ ಬರಬಹುದು. ಚಿಕಿತ್ಸೆಯ ಯೋಜನೆಯೇ ಬದಲಾಗಬಹುದು. ಶುರುವಾಗುವ ಮುನ್ನ ಒಮ್ಮೆ ಊದುವ ಪರೀಕ್ಷೆ ಮಾಡಿಸಿ ಅದರ ಕಾಗದ ಇಟ್ಟುಕೊಂಡರೆ ಮುಂದೆ ಹೋಲಿಸಿ ನೋಡಲು ಒಂದು ಗೆರೆ ಸಿಕ್ಕಂತಾಗುತ್ತದೆ.

3. ಎಷ್ಟು ಶ್ವಾಸಕೋಶ ದಾರಿಗೆ ಸಿಗುತ್ತದೆ ಎಂದು ಕೇಳಿ.

ಕೇಳಲು ಹಿಂಜರಿಯುವ ಪ್ರಶ್ನೆ ಇದೇ, ಮತ್ತು ಇದಕ್ಕೆ ಅಂಕಿಯಲ್ಲೇ ಉತ್ತರವಿದೆ. ವಿಕಿರಣವನ್ನು ಗ್ರೇ ಎಂಬ ಮಾನದಲ್ಲಿ ಅಳೆಯುತ್ತಾರೆ. ಸ್ತನಕ್ಕೆ ಈಗ ಹೆಚ್ಚು ರೂಢಿಯಲ್ಲಿರುವುದು 15 ಸಿಟ್ಟಿಂಗ್‌ನಲ್ಲಿ 40 ಗ್ರೇ. ಶ್ವಾಸಕೋಶದ ಕ್ಯಾನ್ಸರಿಗೆ ಕಿಮೊ ಜೊತೆ ಕೊಡುವಾಗ ಸಾಮಾನ್ಯವಾಗಿ 30 ಸಿಟ್ಟಿಂಗ್‌ನಲ್ಲಿ 60 ಗ್ರೇ. ಮೊದಲನೆಯದರಲ್ಲಿ ಶ್ವಾಸಕೋಶದ ಅಂಚು ಮಾತ್ರ ಸವರಿಕೊಂಡು ಹೋಗುತ್ತದೆ. ಎರಡನೆಯದರಲ್ಲಿ ಗಡ್ಡೆ ಇರುವುದೇ ಶ್ವಾಸಕೋಶದೊಳಗೆ. ಹಾಗಾಗಿ ಸ್ತನದ ರೋಗಿಗಳಲ್ಲಿ ಲಕ್ಷಣ ಕಾಣಿಸುವ ನ್ಯುಮೊನೈಟಿಸ್ ಬರುವುದು ನೂರಕ್ಕೆ ಕೆಲವೇ ಮಂದಿಗೆ. ಕಂಕುಳು, ಕುತ್ತಿಗೆ ಬುಡದ ಗಂಟುಗಳಿಗೂ ಕೊಟ್ಟಾಗ ಸ್ವಲ್ಪ ಹೆಚ್ಚು. ನಮ್ಮ ಅತ್ತಿಗೆ ಆ ಸ್ವಲ್ಪದವರು. ಶ್ವಾಸಕೋಶದ ಕ್ಯಾನ್ಸರಿಗೆ ಕಿಮೊ ಮತ್ತು ರೇಡಿಯೇಶನ್ ಒಟ್ಟಿಗೆ ಪಡೆದ 836 ಮಂದಿಯ ವಿವರ ಒಟ್ಟುಗೂಡಿಸಿ 2013ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯಲ್ಲಿ ಸುಮಾರು ಶೇ. 30 ಜನರಿಗೆ ಲಕ್ಷಣಗಳು ಕಾಣಿಸಿದ್ದವು, ಶೇ. 2ರಷ್ಟು ಮಂದಿ ಅದರಿಂದಲೇ ತೀರಿಕೊಂಡಿದ್ದರು.

ಯೋಜನೆ ಹಾಕುವ ವೈದ್ಯರು ಮತ್ತು ಫಿಸಿಸಿಸ್ಟರು ಕಣ್ಣಿಡುವ ಅಂಕಿಯ ಹೆಸರು ‘ವಿ 20’. ಶ್ವಾಸಕೋಶದ ಶೇಕಡಾ ಎಷ್ಟು ಭಾಗಕ್ಕೆ 20 ಗ್ರೇ ಅಥವಾ ಹೆಚ್ಚು ಬೀಳುತ್ತದೆ ಎಂಬುದು ಅದರ ಅರ್ಥ. ಶ್ವಾಸಕೋಶದ ಕ್ಯಾನ್ಸರಿನಲ್ಲಿ ಎರಡೂ ಕಡೆಯದನ್ನು ಸೇರಿಸಿ ಇದನ್ನು ಶೇ. 30-35ರೊಳಗೆ, ಸರಾಸರಿ ಡೋಸನ್ನು 20 ಗ್ರೇ ಆಸುಪಾಸಿನ ಒಳಗೆ ಇಡಲು ನೋಡುತ್ತಾರೆ. ‘ಡಾಕ್ಟ್ರೇ, ನಂದು ವಿ 20 ಎಷ್ಟು?’ ಅಂತ ಕೇಳಿದರೆ ಅವರು ಬೈಯುವುದಿಲ್ಲ. ಒಬ್ಬರು ಕುರ್ಚಿ ತಿರುಗಿಸಿ ಕಂಪ್ಯೂಟರಿನಲ್ಲಿ ಬಣ್ಣಬಣ್ಣದ ನಕ್ಷೆಯನ್ನೇ ತೋರಿಸಿದರು. ಹಾಗಂತ ಶ್ವಾಸಕೋಶ ಉಳಿಸಿ ಎಂದು ಹಟ ಹಿಡಿಯಲು ಹೋಗಬೇಡಿ. ಗಡ್ಡೆಗೆ ಬೀಳಬೇಕಾದ್ದು ಬೀಳದಿದ್ದರೆ ಉಳಿದ ಶ್ವಾಸಕೋಶ ಯಾರಿಗೆ?

4. ಉಸಿರು ಹಿಡಿಯಲು ಮನೆಯಲ್ಲೇ ಕಲಿಯಿರಿ.

ಎಡ ಸ್ತನಕ್ಕೆ ಕೊಡುವಾಗ ಅನೇಕ ಕಡೆ ದೀರ್ಘವಾಗಿ ಉಸಿರೆಳೆದು ಹಿಡಿದುಕೊಳ್ಳಲು ಹೇಳುತ್ತಾರೆ. ಎದೆ ಉಬ್ಬಿದಾಗ ಹೃದಯ ಕಿರಣದ ದಾರಿಯಿಂದ ಹಿಂದೆ ಸರಿಯುತ್ತದೆ, ಎಷ್ಟೋ ಮಂದಿಯಲ್ಲಿ ಶ್ವಾಸಕೋಶಕ್ಕೂ ಲಾಭವಿದೆ. ಬೇಕಾದದ್ದು ಒಂದು ಸಲಕ್ಕೆ ಇಪ್ಪತ್ತು ಸೆಕೆಂಡಿನಷ್ಟು. ಹೊಸದಾಗಿ ಹೋದವರು ಮೇಜಿನ ಮೇಲೆ ಮಲಗಿದ ಕೂಡಲೇ ಗಾಬರಿಯಲ್ಲಿ ಹತ್ತಕ್ಕೇ ಬಿಟ್ಟುಬಿಡುತ್ತಾರೆ. ಒಂದು ವಾರ ಮುಂಚಿನಿಂದ ಮಲಗಿಕೊಂಡು, ಕೈ ತಲೆಯ ಮೇಲಿಟ್ಟು, ಇಪ್ಪತ್ತು ಎಣಿಸುವುದನ್ನು ರೂಢಿ ಮಾಡಿ.

5. ‘ನನಗೇನೂ ಆಗಲಿಲ್ಲ’ ಎಂದು ಐದನೇ ವಾರಕ್ಕೇ ಬೀಗಬೇಡಿ.

ವಿಕಿರಣ ಶ್ವಾಸಕೋಶವನ್ನು ಬೆಂಕಿಯ ಹಾಗೆ ಸುಡುವುದಿಲ್ಲ. ಸುಟ್ಟಿದ್ದರೆ ಆವತ್ತೇ ಗೊತ್ತಾಗುತ್ತಿತ್ತು. ಅದು ಜೀವಕೋಶದ ಬೀಜಕ್ಕೆ ಪೆಟ್ಟು ಕೊಡುತ್ತದೆ. ಪೆಟ್ಟು ಬಿದ್ದ ಕೋಶ ನೋಡಲು ಸರಿಯಾಗೇ ಇದ್ದು, ಒಡೆದು ಎರಡಾಗಬೇಕಾದ ಸಮಯ ಬಂದಾಗ ಸಾಯುತ್ತದೆ. ಬಿತ್ತನೆ ಬೀಜ ಕೆಟ್ಟಿರುವುದು ಕಣಜದಲ್ಲಿ ತಿಳಿಯುವುದಿಲ್ಲ, ಹೊಲದಲ್ಲಿ ಮೊಳಕೆ ಏಳದಾಗ ತಿಳಿಯುತ್ತದೆ. ಉಸಿರಿನ ಪುಟ್ಟ ಗೂಡುಗಳು ಮುದುಡಿ ಅಂಟಿಕೊಳ್ಳದಂತೆ ಒಂದು ನುಣುಪು ದ್ರವ ಒಸರುವ ಕೋಶಗಳಿವೆ. ಅವು, ಮತ್ತು ಸಣ್ಣ ರಕ್ತನಾಳಗಳ ಒಳಗೋಡೆ, ಎರಡೂ ಹೀಗೆ ವಾರಗಳ ನಂತರ ಕೈಕೊಡುತ್ತವೆ. ಗೂಡಿಗೆ ನೀರು ಜಿನುಗುತ್ತದೆ, ಉರಿಯೂತ ಏಳುತ್ತದೆ. ಅದನ್ನು ಮುಚ್ಚಲು ದೇಹ ತೇಪೆ ಹಾಕುತ್ತಾ ಹೋದರೆ ಆ ತೇಪೆಯೇ ಫೈಬ್ರೋಸಿಸ್.

ಇದೇನು ಹೊಸ ಸಂಶೋಧನೆಯಲ್ಲ. ರಾಂಟ್ಗನ್ ಎಕ್ಸ್-ರೇ ಕಂಡುಹಿಡಿದದ್ದು 1895ರಲ್ಲಿ. ಎದೆಗೆ ಕಿರಣ ಕೊಟ್ಟವರ ಶ್ವಾಸಕೋಶ ಹೀಗೆ ಕೆಡುವುದನ್ನು ಅಮೆರಿಕದ ವೈದ್ಯರು 1922ರಲ್ಲೇ ಬರೆದಿಟ್ಟರು. 1925ರಲ್ಲಿ ಇವಾನ್ಸ್ ಮತ್ತು ಲ್ಯೂಕುಶಿಯಾ ಎಂಬಿಬ್ಬರು ಮೊದಲು ಬರುವ ಉರಿಯೂತ ಬೇರೆ, ಆಮೇಲೆ ಉಳಿಯುವ ಗಾಯ ಬೇರೆ ಎಂದು ವಿಂಗಡಿಸಿದರು. ನೂರು ವರ್ಷದ ಹಳೆಯ ತಿಳಿವಳಿಕೆ ನಮ್ಮ ಮನೆಗೆ ಮುಟ್ಟಲು ಎರಡು ಸುತ್ತು ಆಂಟಿಬಯೋಟಿಕ್ ಬೇಕಾಯಿತು.

6. ಮೆಟ್ಟಿಲೇ ಯಂತ್ರ.

ಮೊದಲ ಆರು ತಿಂಗಳು ವಾರಕ್ಕೆ ಎರಡು ದಿನ ಒಂದೇ ಮೆಟ್ಟಿಲನ್ನು ಒಂದೇ ಹೊತ್ತಿನಲ್ಲಿ ಹತ್ತಿ. ಎಲ್ಲಿ ಏದುಸಿರು ಬಂತು, ಎಷ್ಟನೇ ಮೆಟ್ಟಿಲು, ಬರೆಯಿರಿ. ಉಸಿರಾಟ ಮೆಲ್ಲಗೆ ಕುಗ್ಗುವಾಗ ನಾವು ಅದಕ್ಕೆ ಹೊಂದಿಕೊಂಡುಬಿಡುತ್ತೇವೆ. ಬಟ್ಟೆ ಒಣಗಿಸಲು ಮಹಡಿಗೆ ಹೋಗುವುದು ನಿಲ್ಲುತ್ತದೆ, ನೀರಿನ ಕೊಡ ಮಗ ಎತ್ತುತ್ತಾನೆ, ಮತ್ತೆ ‘ನಂಗೇನು, ಚೆನ್ನಾಗಿದೀನಿ’ ಅನ್ನುತ್ತೇವೆ. ಮೆಟ್ಟಿಲು ಸುಳ್ಳು ಹೇಳುವುದಿಲ್ಲ. ಕೊರೋನಾ ಕಾಲದಲ್ಲಿ ಕೊಂಡ ಪಲ್ಸ್ ಆಕ್ಸಿಮೀಟರ್ ಡ್ರಾಯರಿನಲ್ಲಿ ಇದ್ದರೆ ಸೆಲ್ ಬದಲಿಸಿ ತೆಗೆಯಿರಿ. ಕೂತಾಗ ಒಮ್ಮೆ, ಹತ್ತಿ ಬಂದ ಕೂಡಲೇ ಒಮ್ಮೆ ನೋಡಿ. ಉಗುರಿನ ಬಣ್ಣ ಅಳಿಸಿ, ಬೆರಳು ಬೆಚ್ಚಗಿರಲಿ. ಕೂತಾಗ 97 ಇದ್ದದ್ದು ಹತ್ತಿದಾಗ 90ಕ್ಕೆ ಇಳಿದರೆ ಅದು ಆಯಾಸವಲ್ಲ, ವೈದ್ಯರಿಗೆ ತಿಳಿಸಬೇಕಾದ ಸುದ್ದಿ.

7. ಎರಡನೇ ಆಂಟಿಬಯೋಟಿಕ್ ಬರೆಸಿಕೊಳ್ಳುವ ಮೊದಲು ಒಂದು ವಾಕ್ಯ ಹೇಳಿ.

‘ನನಗೆ ಎದೆಗೆ ರೇಡಿಯೇಶನ್ ಆಗಿದೆ, ಮುಗಿದು ಇಷ್ಟು ವಾರ ಆಯಿತು.’ ಇಷ್ಟೇ. ನಾವು ಮೊದಲ ಕ್ಲಿನಿಕ್ಕಿನಲ್ಲಿ ಇದನ್ನು ಹೇಳಲಿಲ್ಲ. ಕ್ಯಾನ್ಸರ್ ಎಂಬ ಪದ ಬಾಯಿಂದ ಹೊರಡಿಸುವುದು ಬೇಡವೆಂದು ಅಣ್ಣ ಕಣ್ಣಲ್ಲೇ ಸನ್ನೆ ಮಾಡಿದ್ದ. ಆ ವೈದ್ಯರದೇನೂ ತಪ್ಪಿಲ್ಲ. ಒಣಕೆಮ್ಮು, ಸಣ್ಣ ಜ್ವರ, ನಡೆದರೆ ಉಬ್ಬಸ, ಉಸಿರೆಳೆದಾಗ ಒಂದು ಚುಚ್ಚು. ಜನವರಿಯಲ್ಲಿ ಇದನ್ನು ಯಾರು ನೋಡಿದರೂ ಸೋಂಕು ಎಂದೇ ಅಂದುಕೊಳ್ಳುತ್ತಾರೆ.

ನ್ಯುಮೊನೈಟಿಸ್ ಎಂದು ಒಂದೇ ಏಟಿಗೆ ಹೇಳುವ ರಕ್ತ ಪರೀಕ್ಷೆ ಇಲ್ಲ. ಬೇರೆಯದನ್ನು ಒಂದೊಂದಾಗಿ ತೆಗೆದುಹಾಕುತ್ತಾ ಬರಬೇಕು. ಸೋಂಕು ಇರಬಹುದು. ನಮ್ಮ ದೇಶದಲ್ಲಿ ಟಿ.ಬಿ. ಮರೆಯುವ ಹಾಗೇ ಇಲ್ಲ, ಕಫ ಪರೀಕ್ಷೆ ಆಗಲೇಬೇಕು. ಕಾಲಿನಿಂದ ಹೊರಟ ರಕ್ತದ ಹೆಪ್ಪು ಶ್ವಾಸಕೋಶಕ್ಕೆ ಬಂದು ಕೂತಿರಬಹುದು, ಕ್ಯಾನ್ಸರ್ ರೋಗಿಗಳಲ್ಲಿ ಅದು ಅಪರೂಪವಲ್ಲ. ಹೃದಯ ಸೋತಿರಬಹುದು, ರಕ್ತ ಕಡಿಮೆಯಾಗಿರಬಹುದು. ಮತ್ತೆ ಯಾರೂ ಬಾಯಿಬಿಟ್ಟು ಹೇಳದೆ ಮನಸ್ಸಿನಲ್ಲೇ ನಡುಗುವ ಸಾಧ್ಯತೆ: ಗಡ್ಡೆ ಮರಳಿರಬಹುದು.

ಇವುಗಳ ನಡುವೆ ದಾರಿ ತೋರುವುದು ಸಿ.ಟಿ. ಸ್ಕ್ಯಾನ್. ಪ್ರಕೃತಿಗೆ ನೇರ ಗೆರೆ ಎಳೆಯುವ ಅಭ್ಯಾಸವಿಲ್ಲ. ಸಾಮಾನ್ಯ ನ್ಯುಮೋನಿಯಾ ಶ್ವಾಸಕೋಶದ ಹಾಲೆಗಳ ಗಡಿಯನ್ನು ಬಹುಮಟ್ಟಿಗೆ ಪಾಲಿಸುತ್ತದೆ. ವಿಕಿರಣದ ಗಾಯಕ್ಕೆ ಆ ಗಡಿ ಗೊತ್ತಿಲ್ಲ. ಕಿರಣ ಎಲ್ಲಿ ಹಾದು ಹೋಯಿತೋ ಅಲ್ಲೇ, ಅಡಿಕೋಲು ಇಟ್ಟು ಕತ್ತರಿಸಿದ ಹಾಗೆ ಅಂಚು. ಅತ್ತಿಗೆಯ ಫಿಲಂ ಅನ್ನು ಬೆಳಕಿಗೆ ಹಿಡಿದಾಗ ನಮಗೂ ಕಂಡಿತು: ಎಡ ಎದೆಯ ಮುಂಭಾಗದಲ್ಲಿ, ಪಕ್ಕೆಲುಬಿನ ಒಳಗೇ, ಗೋಡೆಗೆ ಸುಣ್ಣ ಬಳಿಯುವಾಗ ಕುಂಚ ಒಂದು ಸಲ ಎಳೆದ ಹಾಗೆ ಬಿಳಿ ಪಟ್ಟಿ. ಈಗಿನ ಹೊಸ ಯಂತ್ರಗಳು ಹಲವು ಕೋನಗಳಿಂದ ಕಿರಣ ಹಾಯಿಸುವುದರಿಂದ ಅಂಚು ಯಾವಾಗಲೂ ಇಷ್ಟು ಸ್ಪಷ್ಟ ಇರುವುದಿಲ್ಲ. ಅದಕ್ಕೇ ಹಳೆಯ ರೇಡಿಯೇಶನ್ ನಕ್ಷೆಯನ್ನೂ ಹೊಸ ಸ್ಕ್ಯಾನನ್ನೂ ಪಕ್ಕ ಪಕ್ಕ ಇಟ್ಟು ನೋಡುವವರ ಹತ್ತಿರವೇ, ಅಂದರೆ ಕರೆಂಟ್ ಕೊಟ್ಟ ವಿಭಾಗಕ್ಕೇ, ಮರಳಿ ಹೋಗಬೇಕು.

8. ಸ್ಕ್ಯಾನಿನ ಎಲ್ಲ ನೆರಳಿಗೂ ಮಾತ್ರೆ ಕೇಳಬೇಡಿ.

ರಿಪೋರ್ಟಿನಲ್ಲಿ ನ್ಯುಮೊನೈಟಿಸ್ ಎಂದಿದೆ, ನಿಮಗೆ ಕೆಮ್ಮೂ ಇಲ್ಲ, ದಮ್ಮೂ ಇಲ್ಲ. ಇದಕ್ಕೆ ಮೊದಲ ದರ್ಜೆ ಅನ್ನುತ್ತಾರೆ. ಮದ್ದು ಬೇಡ, ಕಾದು ನೋಡುವುದು. ಎಷ್ಟೋ ಮಂದಿಯಲ್ಲಿ ತಾನೇ ತಣ್ಣಗಾಗುತ್ತದೆ.

9. ಸ್ಟೀರಾಯ್ಡ್ ಇಳಿಸುವುದನ್ನು ಬಾವಿಗೆ ಇಳಿಯುವ ಹಾಗೆ ಮಾಡಿ.

ಲಕ್ಷಣ ಜೋರಾಗಿದ್ದರೆ ಕೊಡುವುದು ಪ್ರೆಡ್ನಿಸೊಲೋನ್. ತೂಕದ ಕಿಲೋಗೆ ಸುಮಾರು 1 ಮಿಲಿಗ್ರಾಂ, ಹೆಚ್ಚಿನವರಿಗೆ ದಿನಕ್ಕೆ 40ರಿಂದ 60. ಎರಡರಿಂದ ನಾಲ್ಕು ವಾರ ಅದೇ ಪ್ರಮಾಣ, ಆಮೇಲೆ ಆರರಿಂದ ಹನ್ನೆರಡು ವಾರಗಳಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಇಳಿಕೆ. ಇದರ ಮೋಸ ಏನೆಂದರೆ ಕೆಲವೇ ದಿನಗಳಲ್ಲಿ ರೋಗಿ ಎದ್ದು ಓಡಾಡುತ್ತಾರೆ. ನಾಲ್ಕನೇ ದಿನ ಅತ್ತಿಗೆ ರಂಗೋಲಿ ಹಾಕಿದರು. ಹತ್ತನೇ ದಿನ ರಾತ್ರಿ ಎರಡು ಗಂಟೆಗೆ ಅಡುಗೆಮನೆಯಲ್ಲಿ ಸದ್ದು. ಹೋಗಿ ನೋಡಿದರೆ ತಣ್ಣಗಿನ ಚಿತ್ರಾನ್ನ ತಿನ್ನುತ್ತಾ ನಿಂತಿದ್ದಾರೆ. ಹಸಿವು ತಡೆಯಲಾಗುತ್ತಿಲ್ಲ, ನಿದ್ದೆ ಬರುತ್ತಿಲ್ಲ, ಮುಖ ಊದಿಕೊಂಡಿದೆ. ಕನ್ನಡಿ ನೋಡಿ ಬೇಸತ್ತು ಮೂರನೇ ವಾರ ತಾವೇ ಮಾತ್ರೆ ಅರ್ಧ ಮಾಡಿಕೊಂಡರು. ಆಮೇಲಿನ ವಾರ ಪೂರ್ತಿ ನಿಲ್ಲಿಸಿದರು. ಯಾರಿಗೂ ಹೇಳಲಿಲ್ಲ. ಐದೇ ದಿನಕ್ಕೆ ಕೆಮ್ಮು ವಾಪಸು, ಈ ಸಲ ದಿಂಬು ಎತ್ತರಿಸಿ ಕೂತೇ ರಾತ್ರಿ ಕಳೆಯುವಷ್ಟು. ಇಡೀ ಲೆಕ್ಕ ಮತ್ತೆ ಮೊದಲಿನಿಂದ.

ಬೇಗ ಇಳಿಸಿದರೆ ಉರಿಯೂತ ಮರಳಿ ಏಳುವುದು ಈ ಕಾಯಿಲೆಯ ಗುಣ. ಜೊತೆಗೆ, ಕೆಲವು ವಾರ ಹೊರಗಿನಿಂದ ಸ್ಟೀರಾಯ್ಡ್ ಸಿಕ್ಕ ದೇಹ ತನ್ನದನ್ನು ತಯಾರಿಸುವುದನ್ನೇ ಮರೆತಿರುತ್ತದೆ. ಒಮ್ಮೆಲೇ ನಿಲ್ಲಿಸಿದರೆ ಬಿ.ಪಿ. ಇಳಿದು ಕುಸಿದು ಬೀಳಬಹುದು. ಆದ್ದರಿಂದ:

ಮಾತ್ರೆ ಬೆಳಗಿನ ತಿಂಡಿಯ ನಂತರ, ಸಂಜೆ ಬೇಡ. ಸಕ್ಕರೆ ಕಾಯಿಲೆ ಇದ್ದವರು ಮೊದಲ ವಾರದಿಂದಲೇ ಮಧ್ಯಾಹ್ನ ಊಟವಾದ ಮೇಲಿನ ಸಕ್ಕರೆ ನೋಡಿಕೊಳ್ಳಬೇಕು, ಬೆಳಗಿನದು ಸರಿಯಿದ್ದು ಮಧ್ಯಾಹ್ನದ್ದು ಮುನ್ನೂರು ದಾಟುವುದುಂಟು. ಹಳೇ ಟಿ.ಬಿ. ಇದ್ದವರು ಮತ್ತೊಮ್ಮೆ ನೆನಪಿಸಿ, ಮಲಗಿದ್ದ ಟಿ.ಬಿ.ಯನ್ನು ಸ್ಟೀರಾಯ್ಡ್ ಎಬ್ಬಿಸಬಲ್ಲದು. ದಿನಕ್ಕೆ 20 ಮಿಲಿಗ್ರಾಂ ಅಥವಾ ಹೆಚ್ಚು ಒಂದು ತಿಂಗಳ ಮೇಲೆ ನಡೆಯುವುದಾದರೆ ಬೇರೊಂದು ಬಗೆಯ ನ್ಯುಮೋನಿಯಾ ತಡೆಯಲು ಕೋಟ್ರೈಮಾಕ್ಸಜೋಲ್ ಬೇಕೇ ಎಂದು ಕೇಳಿ, ಸಲ್ಫಾ ಅಲರ್ಜಿ ಇದ್ದರೆ ಅದನ್ನೂ ಹೇಳಿ. ಇಳಿಕೆಯ ಪಟ್ಟಿಯನ್ನು ತಾರೀಖಿನ ಸಮೇತ ಬರೆಸಿಕೊಂಡು ಫ್ರಿಜ್ಜಿಗೆ ಅಂಟಿಸಿ. ಪ್ರತಿ ಇಳಿಕೆಯ ನಂತರ ಮೂರು ದಿನ ಮೆಟ್ಟಿಲ ಪರೀಕ್ಷೆ. ಹಿಂದಿನದಕ್ಕಿಂತ ಕೆಟ್ಟದಾದರೆ ಅಲ್ಲೇ ನಿಂತು ಫೋನ್ ಮಾಡಿ.

ಮೆಡಿಕಲ್ ಶಾಪಿನಲ್ಲಿ ಹಳೇ ಚೀಟಿ ತೋರಿಸಿ ತಾವೇ ಕೊಂಡು ನುಂಗುವವರೂ ಇದ್ದಾರೆ. ಅವರಿಗೆ ಹೇಳುವುದಕ್ಕೆ ನನ್ನ ಹತ್ತಿರ ಒಳ್ಳೆಯ ಮಾತು ಇಲ್ಲ.

10. ಹೊಸ ಔಷಧ ಶುರುವಾದರೆ ಕೊನೆಯ ದಿನವನ್ನು ಮತ್ತೆ ನೆನಪಿಸಿ.

ವಿಕಿರಣವನ್ನು ನೀವು ಮರೆತರೂ ಅದು ಬಿದ್ದ ಜಾಗ ಮರೆಯುವುದಿಲ್ಲ. ಜೆಮ್‌ಸೈಟಬಿನ್, ಡಾಕ್ಸೊರುಬಿಸಿನ್, ಡೋಸಿಟ್ಯಾಕ್ಸೆಲ್‌ನಂಥ ಕಿಮೊ ಔಷಧ ತಿಂಗಳುಗಳ ನಂತರ ಹೋದಾಗ ಹಳೇ ಕಿರಣದ ಹಾದಿಯಲ್ಲೇ ಮತ್ತೆ ಉರಿಯೂತ ಎದ್ದ ಉದಾಹರಣೆಗಳಿವೆ. ರೇಡಿಯೇಶನ್ ರೀಕಾಲ್ ಎಂದು ಹೆಸರು. ಇಮ್ಯುನೊಥೆರಪಿಯ ಕಥೆ ಇನ್ನಷ್ಟು ಸೂಕ್ಷ್ಮ. ಆಪರೇಷನ್ ಮಾಡಲಾಗದ ಶ್ವಾಸಕೋಶದ ಕ್ಯಾನ್ಸರಿನಲ್ಲಿ ಕಿಮೊ-ರೇಡಿಯೇಶನ್ ನಂತರ ದುರ್ವಾಲುಮಾಬ್ ಕೊಟ್ಟು ನೋಡಿದ ಪೆಸಿಫಿಕ್ ಎಂಬ ಅಧ್ಯಯನ 2017ರಲ್ಲಿ ಪ್ರಕಟವಾಯಿತು. ನ್ಯುಮೊನೈಟಿಸ್ ಯಾವುದೋ ಮಟ್ಟದಲ್ಲಿ ಕಂಡದ್ದು ಔಷಧ ಪಡೆದವರಲ್ಲಿ ಶೇ. 33.9, ಪಡೆಯದವರಲ್ಲಿ ಶೇ. 24.8. ತೀವ್ರವಾದದ್ದು ಮಾತ್ರ ಎರಡೂ ಕಡೆ ಕಡಿಮೆ: ಶೇ. 3.4 ಮತ್ತು 2.6. ಜೀವ ಉಳಿಸುವ ವಿಷಯದಲ್ಲಿ ಆ ಔಷಧ ಗೆದ್ದಿತು, ಆದ್ದರಿಂದ ಅಂಕಿ ನೋಡಿ ಬೇಡವೆನ್ನಬೇಡಿ. ಆ ತಿಂಗಳುಗಳಲ್ಲಿ ಕೆಮ್ಮು ಬಂದರೆ ಫೋನ್ ಮಾಡಲು ಸೋಮವಾರಕ್ಕೆ ಕಾಯಬೇಡಿ.

11. ಹೊಗೆಯ ವಿಷಯದಲ್ಲಿ ವಿಚಿತ್ರ ಸುದ್ದಿ ಕೇಳಿದರೆ ನಂಬಿ, ಆದರೆ ಬೀಡಿ ಬಿಡಿ.

ಹಲವು ಅಧ್ಯಯನಗಳಲ್ಲಿ ಚಿಕಿತ್ಸೆಯ ಹೊತ್ತಿಗೂ ಸಿಗರೇಟ್ ಸೇದುತ್ತಿದ್ದವರಿಗೆ ಈ ಉರಿಯೂತ ಕಡಿಮೆ ಬಂದದ್ದು ನಿಜ. ಹೊಗೆ ಶ್ವಾಸಕೋಶದ ಪ್ರತಿಭಟಿಸುವ ಶಕ್ತಿಯನ್ನೇ ಮಂಕು ಮಾಡಿರುತ್ತದೆ ಎಂಬುದು ಒಂದು ವಿವರಣೆ. ಇದನ್ನು ಎಲ್ಲೋ ಓದಿಕೊಂಡು ಬಂದ ನಮ್ಮ ಬಂಧುವೊಬ್ಬರು ಅಂಗಳದಲ್ಲಿ ಪ್ಯಾಕೆಟ್ ತೆಗೆದರು. ಊರೆಲ್ಲ ಮಲಗಿದ್ದಾಗ ಕಾವಲುಗಾರನನ್ನೂ ಕಟ್ಟಿಹಾಕಿದರೆ ಗಲಾಟೆ ಇರುವುದಿಲ್ಲ, ನಿಜ. ಕಳ್ಳ ಮಾತ್ರ ಬರುತ್ತಾನೆ. ಸೇದುವವರಲ್ಲಿ ಚಿಕಿತ್ಸೆ ಅಷ್ಟು ಚೆನ್ನಾಗಿ ಕೆಲಸ ಮಾಡುವುದಿಲ್ಲ, ಎರಡನೇ ಕ್ಯಾನ್ಸರಿನ ಅಪಾಯವೂ ಹೆಚ್ಚು.

ಸೌದೆ ಒಲೆ, ಸೊಳ್ಳೆಬತ್ತಿ, ಮುಚ್ಚಿದ ಕೋಣೆಯಲ್ಲಿ ಸಾಂಬ್ರಾಣಿ, ಧೂಳು ಹಾರುವ ಒಕ್ಕಣೆ ಕಣ, ಅಡಿಕೆ ಬೇಯಿಸುವ ಮನೆಯ ಹೊಗೆ: ಒಂದು ವರ್ಷ ಇವುಗಳಿಂದ ದೂರ. ದೇವರ ಮನೆಯಲ್ಲಿ ಊದುಬತ್ತಿಯ ಬದಲು ಎರಡು ಹೂವು ಜಾಸ್ತಿ ಇಡಿ.

12. ಗಟ್ಟಿಯಾದದ್ದು ಮೆತ್ತಗಾಗುವುದಿಲ್ಲ, ಉಳಿದದ್ದಕ್ಕೆ ದುಡಿಯಲು ಕಲಿಸಿ.

ಫೈಬ್ರೋಸಿಸ್ ಆದ ಭಾಗವನ್ನು ಮರಳಿ ಮೊದಲಿನಂತೆ ಮಾಡುವ ಮದ್ದು ಇವತ್ತಿಗಿಲ್ಲ. ಬೇರೆ ಬಗೆಯ ಫೈಬ್ರೋಸಿಸ್‌ಗೆ ಬಳಸುವ ಪಿರ್ಫೆನಿಡೋನ್, ನಿಂಟೆಡನಿಬ್‌ಗಳನ್ನು ವಿಕಿರಣದ ಈ ಗಾಯಕ್ಕೂ ಪರೀಕ್ಷಿಸುತ್ತಿದ್ದಾರೆ. ‘ಶ್ವಾಸಕೋಶ ಕ್ಲೀನ್ ಮಾಡುವ’ ಪುಡಿ, ಕಷಾಯ ಮಾರುವವರಿಗೆ ನಿಮ್ಮ ಫೋನ್ ನಂಬರು ಎಲ್ಲಿಂದಲೋ ಸಿಗುತ್ತದೆ, ಎಚ್ಚರ. ಕೆಲಸಕ್ಕೆ ಬರುವುದು ಸಾದಾ ಹಳೇ ಉಪಾಯಗಳು. ದಿನಾ ನಡಿಗೆ, ಮಾತಾಡುತ್ತಾ ನಡೆಯಲಾಗುವ ವೇಗದಲ್ಲಿ. ಮೂಗಿನಿಂದ ಎಳೆದು, ಬಿಸಿ ಕಾಫಿ ಆರಿಸುವವರ ಹಾಗೆ ತುಟಿ ಚೂಪು ಮಾಡಿ ನಿಧಾನವಾಗಿ ಬಿಡುವುದು. ತೊಡೆಗೆ ಬಲ ಬರುವ ಹಾಗೆ ಕುರ್ಚಿಯಿಂದ ಎದ್ದು ಕೂರುವುದು, ಹತ್ತು ಸಲ; ಮಾಂಸಖಂಡ ಚೆನ್ನಾಗಿದ್ದರೆ ಅದೇ ಕೆಲಸಕ್ಕೆ ಕಡಿಮೆ ಉಸಿರು ಸಾಕು. ಕಪಾಲಭಾತಿಯಂಥ ರಭಸದ ಉಸಿರಾಟವನ್ನು ವೈದ್ಯರನ್ನು ಕೇಳದೆ ಶುರು ಮಾಡಬೇಡಿ. ಫ್ಲೂ ಮತ್ತು ನ್ಯುಮೋಕಾಕಸ್ ಲಸಿಕೆ ಯಾವಾಗ ಹಾಕಿಸಬಹುದೆಂದು ಕೇಳಿ. ಕಾಯಿಲೆ ಒಂದು ಹದಕ್ಕೆ ಬಂದ ಮೇಲೂ ಕೂತಾಗ ಆಮ್ಲಜನಕ 88ರ ಆಸುಪಾಸಿನಲ್ಲೇ ಇದ್ದರೆ ಮನೆಯಲ್ಲಿ ಆಕ್ಸಿಜನ್ ಬೇಕಾಗಬಹುದು. ಕನ್ಸೆಂಟ್ರೇಟರ್ ಬಾಡಿಗೆಗೂ ಸಿಗುತ್ತದೆ, ಕೊಳ್ಳುವ ಮೊದಲು ವಿಚಾರಿಸಿ. ವಿದ್ಯುತ್ ಹೋದಾಗ ಏನು ಗತಿ ಎಂಬುದನ್ನೂ.

ರಾತ್ರಿಯಾದರೂ ಆಸ್ಪತ್ರೆಗೆ ಹೊರಡಲೇಬೇಕಾದ ಲಕ್ಷಣಗಳು ಬೇರೆ. ಒಂದು ವಾಕ್ಯ ಪೂರ್ತಿ ಹೇಳಲಾಗದಷ್ಟು ದಮ್ಮು, ನೀಲಿಗಟ್ಟಿದ ತುಟಿ, ಕೂತಾಗಲೇ ಹೊಸದಾಗಿ 90ಕ್ಕಿಂತ ಕೆಳಗೆ ಇಳಿದ ಅಂಕಿ, ಕಫದಲ್ಲಿ ಚಮಚೆಯಷ್ಟು ರಕ್ತ, ಇದ್ದಕ್ಕಿದ್ದಂತೆ ಎದೆ ನೋವು, ಒಂದೇ ಕಾಲು ಊದುವುದು, ಸ್ಟೀರಾಯ್ಡ್ ನಡೆಯುವಾಗ ಚಳಿಜ್ವರ. 108ಕ್ಕೆ ಕರೆ ಮಾಡಿ, ಫೈಲು ಕೈಯಲ್ಲಿರಲಿ.

ಅತ್ತಿಗೆಯ ಮನೆಗೆ ಇಪ್ಪತ್ತಾರು ಮೆಟ್ಟಿಲು. ಈಗ ಹದಿನಾಲ್ಕನೆಯದರಲ್ಲಿ, ತಿರುವಿನಲ್ಲಿ, ಒಂದು ಕ್ಷಣ ನಿಲ್ಲುತ್ತಾರೆ. ಕೇಳಿದರೆ ಕೆಳಗಿನ ಮನೆಯವರ ಮಲ್ಲಿಗೆ ಬಳ್ಳಿ ನೋಡುತ್ತಿದ್ದೆ ಎನ್ನುತ್ತಾರೆ. ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕದ ಪಕ್ಕ ಮಂಗಳವಾರ, ಶುಕ್ರವಾರದ ಚೌಕಗಳಲ್ಲಿ 14 ಎಂದು ಬರೆದಿರುತ್ತದೆ. ಹೋದ ಯುಗಾದಿಯ ವಾರ ಒಂದು 19 ಇತ್ತು, ಪಕ್ಕದಲ್ಲಿ ಸಣ್ಣದೊಂದು ಪ್ರಶ್ನಾರ್ಥಕ ಚಿಹ್ನೆ.